ಮೊದಲ ಪತ್ತೇದಾರಿ ಪುಸ್ತಕ: ನೇಟ್, ಬ್ರೌನ್, ಎ ಟು ಝಡ್ ಓದಿಸಿ ನೋಡಿದ ಮೇಲೆ

ಕನ್ನಡ ಶಾಲೆಯಲ್ಲಿ ಮೂರನೇ, ನಾಲ್ಕನೇ ತರಗತಿ ಓದುವ ಮಗುವಿಗೆ ಇಂಗ್ಲಿಷಿನ ಮೊದಲ ಪತ್ತೇದಾರಿ ಪುಸ್ತಕ ತರುವುದಾದರೆ ‘ನೇಟ್ ದ ಗ್ರೇಟ್’ ತನ್ನಿ. ಕಟ್ಟು ಅಗ್ಗಕ್ಕೆ ಸಿಕ್ಕಿತೆಂದು ಮೊದಲಿಗೆ ‘ಎ ಟು ಝಡ್ ಮಿಸ್ಟರೀಸ್’ ತರಿಸಿದ್ದು ದುಡುಕು. ಪುಸ್ತಕ ಕೆಟ್ಟದ್ದಲ್ಲ, ಸರದಿ ತಪ್ಪಿತು ಅಷ್ಟೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಅಂಗಡಿಗಳಲ್ಲಿ ಗೈಡು, ನೋಟ್‌ಬುಕ್ಕು ಸಿಕ್ಕಷ್ಟು ಸಲೀಸಾಗಿ ಇವು ಸಿಗುವುದಿಲ್ಲ. ಆನ್‌ಲೈನಿನಲ್ಲಿ ತರಿಸಬೇಕು, ನಾಲ್ಕು ಪುಟ ತಿರುವಿ ನೋಡಿ ಕೊಳ್ಳುವ ಹಾಗಿಲ್ಲ.

ಮುಂದೆ ಎರಡು ಕತೆಗಳ ಗುಟ್ಟು ಬಯಲಾಗುತ್ತದೆ. ಸುಳಿವು ಮಗುವಿನ ಕೈಗೆಟಕುತ್ತದೋ ಇಲ್ಲವೋ ಎಂಬುದೇ ಇಲ್ಲಿನ ಪ್ರಶ್ನೆ, ಅದನ್ನು ಗುಟ್ಟು ಮುಚ್ಚಿಟ್ಟು ಹೇಳಲಾಗದು.

ಮಾರ್ಜರಿ ವೈನ್ಮನ್ ಶಾರ್ಮಟ್ ಬರೆದ ನೇಟ್ ಸರಣಿಯ ಮೊದಲ ಪುಸ್ತಕ ಬಂದದ್ದು 1972ರಲ್ಲಿ. ಆ್ಯನಿ ಎಂಬ ಹುಡುಗಿ ತನ್ನ ನಾಯಿಯ ಚಿತ್ರವನ್ನು ಹಳದಿ ಬಣ್ಣದಲ್ಲಿ ಬರೆದಿದ್ದಾಳೆ, ಅದು ಕಾಣೆಯಾಗಿದೆ. ಅವಳ ತಮ್ಮನ ಬಳಿ ಇರುವುದು ಕೆಂಪು ಬಣ್ಣ. ಅವನ ಚಿತ್ರಗಳ ನಡುವೆ ಒಂದು ಮಾತ್ರ ಕಿತ್ತಳೆ ಬಣ್ಣದ ರಾಕ್ಷಸ. ಮುಗಿಯಿತು. ಹಳದಿಯ ಮೇಲೆ ಕೆಂಪು ಬಿದ್ದರೆ ಏನಾಗುತ್ತದೆಂದು ತಿಳಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ. ತಮ್ಮನ ಚಿತ್ರಗಳು ಬರುವ ಪುಟಕ್ಕೆ ಪುಸ್ತಕ ಮುಚ್ಚಿ, ವಾಟರ್ ಕಲರ್ ಇದ್ದರೆ ಸರಿ, ಇಲ್ಲದಿದ್ದರೆ ಒಂದು ಚಿಟಿಕೆ ಅರಿಷಿಣಕ್ಕೆ ಅರ್ಧ ಚಿಟಿಕೆ ಕುಂಕುಮ ಒಣದಾಗಿಯೇ ಬೆರೆಸಿ ತೋರಿಸಿ. ಸುಣ್ಣ ಸೋಕಿಸಬೇಡಿ, ಅರಿಷಿಣವೇ ಕೆಂಪಾಗಿ ಓಕುಳಿಯಾಗುತ್ತದೆ, ಲೆಕ್ಕ ತಪ್ಪುತ್ತದೆ. ಹತ್ತರಲ್ಲಿ ಏಳೆಂಟು ಮಕ್ಕಳು ಉತ್ತರ ಹೇಳಿಯೇ ಪುಟ ತಿರುವುತ್ತಾರೆ. ಆ ಪುಸ್ತಕಕ್ಕೆ ಕೊಟ್ಟ ದುಡ್ಡು ಅಲ್ಲಿಗೇ ವಸೂಲು. ವಾಕ್ಯಗಳು ಗಿಡ್ಡ, ಬಂದ ಮಾತೇ ಮತ್ತೆ ಬರುತ್ತದೆ. ಎರಡನೇ ಸಲ ಬಂದಾಗ ಮಗು ತಾನೇ ಓದುತ್ತದೆ.

ಡೊನಾಲ್ಡ್ ಸೊಬೊಲ್ ಅವರ ‘ಎನ್‌ಸೈಕ್ಲೊಪೀಡಿಯ ಬ್ರೌನ್’ 1963ರಿಂದ ಬಂದದ್ದು. ಒಂದು ಪುಸ್ತಕದಲ್ಲಿ ಹತ್ತು ಕೇಸು, ಉತ್ತರ ಕೊನೆಯಲ್ಲಿ. ದಿನಕ್ಕೊಂದು ಕೇಸಿನಂತೆ ಓದಿದರೆ ಹತ್ತು ದಿನ ಬರುತ್ತದೆ, ದುಡ್ಡಿನ ಲೆಕ್ಕದಲ್ಲಿ ಇದನ್ನು ಮೀರಿಸುವುದಿಲ್ಲ ಯಾವುದೂ. ಉತ್ತರದ ಪುಟಗಳನ್ನು ಮಾತ್ರ ಕಾಗದದ ಕ್ಲಿಪ್ ಹಾಕಿ ಬಿಗಿಯಿರಿ, ಇಲ್ಲವಾದರೆ ಎರಡನೇ ದಿನದಿಂದ ಮಗು ಹಿಂದಿನಿಂದಲೇ ಓದಲು ಶುರು ಮಾಡುತ್ತದೆ.

ಇದರ ತೊಡಕು ಬೇರೆ ಜಾತಿಯದು. ಮೊದಲ ಪುಸ್ತಕದಲ್ಲಿ ಒಂದು ಖಡ್ಗದ ಕೇಸಿದೆ. ಅಮೆರಿಕದ ಅಂತರ್ಯುದ್ಧದ್ದು, ಆಗಸ್ಟ್ 1861ರಲ್ಲಿ ಜಾಕ್ಸನ್ ಎಂಬ ಸೇನಾನಿಗೆ ಅವನ ಸೈನಿಕರು ಕೊಟ್ಟದ್ದು ಎಂದು ಹೇಳಿ ಸೈಕಲ್ಲಿಗೆ ಅದಲು ಬದಲು ಮಾಡಲು ತಂದಿರುತ್ತಾರೆ. ‘ಬುಲ್ ರನ್‌ನ ಮೊದಲ ಕದನ’ ಎಂದು ಅದರ ಮೇಲೆ ಕೆತ್ತಿದೆ. ಎರಡನೇ ಕದನ ನಡೆದದ್ದು 1862ರಲ್ಲಿ, ಹಾಗಾದರೆ 1861ರಲ್ಲಿ ‘ಮೊದಲ’ ಎಂದು ಕೆತ್ತಿದವರಾರು? ಸುಳಿವು ಸೊಗಸಾಗಿದೆ, ಆದರೆ ಮಾನ್ವಿಯ ಮಗುವಿಗೆ ಕದನವೇ ಗೊತ್ತಿಲ್ಲ, ಎರಡು ಸಲ ನಡೆದದ್ದು ಇನ್ನೆಲ್ಲಿ ಗೊತ್ತಾಗಬೇಕು. ಈ ಕೇಸನ್ನು ಹಾರಿಸುವ ಬದಲು ಆನೆಗೊಂದಿಗೆ ತನ್ನಿ: ಒಬ್ಬ ತಾಮ್ರಪಟ ಮಾರಲು ಬಂದಿದ್ದಾನೆ, 1410ರಲ್ಲಿ ವಿಜಯನಗರದ ದೊರೆಯೇ ಬರೆಸಿದ್ದಂತೆ, ಕೆಳಗೆ ‘ಒಂದನೇ ದೇವರಾಯ’ ಎಂದು ಅಂಕಿತ. ಎರಡನೇ ದೇವರಾಯ ಪಟ್ಟಕ್ಕೆ ಬಂದದ್ದು 1424ರಲ್ಲಿ. ತನ್ನನ್ನು ತಾನೇ ‘ಒಂದನೇ’ ಎಂದು ಯಾವ ದೊರೆ ಕರೆದುಕೊಳ್ಳುತ್ತಾನೆ? ಬೀಗ ಅದೇ, ಕೀಲಿ ನಮ್ಮದು. ಆದರೆ ಹೀಗೆ ಕೇಸು ಬದಲಿಸಲು ದೊಡ್ಡವರು ಹಿಂದಿನ ರಾತ್ರಿಯೇ ಓದಿಟ್ಟುಕೊಂಡಿರಬೇಕು. ಹಾಗಾಗಿ ಬ್ರೌನ್ ನನ್ನ ಪಟ್ಟಿಯಲ್ಲಿ ಎರಡನೆಯವನು.

ಇನ್ನು ಮೂರೂ ಸರಣಿಗಳಲ್ಲಿ ಕಾಡುವ, ಯಾವ ಅಂಗಡಿಯ ವಿವರದಲ್ಲೂ ಬರೆಯದ ತೊಡಕು. ಈ ವಯಸ್ಸಿನ ಮಗು ಇಂಗ್ಲಿಷ್ ಪುಸ್ತಕವನ್ನು ಒಂಟಿಯಾಗಿ ಓದುವುದಿಲ್ಲ. ದೊಡ್ಡವರು ಒಂದು ಸಾಲು ಇಂಗ್ಲಿಷ್ ಓದಿ, ಕನ್ನಡದಲ್ಲಿ ಹೇಳುತ್ತ ಹೋಗಬೇಕು. ಹೇಳುವಾಗ ನಮ್ಮ ಕ್ರಿಯಾಪದವೇ ಚಾಡಿ ಹೇಳಿಬಿಡುತ್ತದೆ! ಇಂಗ್ಲಿಷಿನಲ್ಲಿ ‘ಟುಕ್’ ಎಂದರೆ ತೆಗೆದುಕೊಂಡದ್ದು ಗಂಡೋ ಹೆಣ್ಣೋ ನಾಯಿಯೋ ತಿಳಿಯದು. ನಾವು “ತೊಗೊಂಡಾನ” ಎಂದರೆ ಹುಡುಗಿಯರೆಲ್ಲ ಅನುಮಾನದ ಪಟ್ಟಿಯಿಂದ ಪಾರು. “ತೊಗೊಂಡಾಳ” ಎಂದರೆ ಕೇಸು ಅರ್ಧ ಮುಗಿದಂತೆ. “ತೊಗೊಂಡು ಹೋಗೇತಿ” ಎಂದಿರೋ, ಕಳ್ಳ ಪ್ರಾಣಿ ಎಂದು ಮಗು ಆಗಲೇ ಬಾಯಿ ಬಿಡುತ್ತದೆ. ಮಕ್ಕಳ ಪತ್ತೇದಾರಿ ಕತೆಗಳಲ್ಲಿ ಕಳ್ಳ ನಾಯಿಯೋ ಬೆಕ್ಕೋ ಕಾಗೆಯೋ ಆಗಿರುವುದು ಹೊಸತೇನಲ್ಲ. ಅಲ್ಲಿ ಈ ಒಂದು ‘ಏತಿ’ ಇಡೀ ಪುಸ್ತಕಕ್ಕೆ ಮುಳುವು. ಹಾಗೆಂದು ‘ಯಾರೋ ಒಯ್ದಾರ’ ಎಂದು ಓದಿ ಕೊನೆಗೆ ನಾಯಿಯನ್ನು ತಂದು ನಿಲ್ಲಿಸಿದರೆ, “ಮತ್ತ ಯಾರೋ ಅಂದ್ರಿ?” ಎಂಬ ತಕರಾರು ಗ್ಯಾರಂಟಿ. ಆ ತಕರಾರು ನ್ಯಾಯವಾದದ್ದೇ.

ಇದಕ್ಕೆ ದಾರಿ ಒಂದೇ: ಕಳ್ಳನನ್ನು ವಾಕ್ಯದಿಂದಲೇ ಹೊರಗಿಟ್ಟು, ಕಳೆದ ವಸ್ತುವನ್ನು ಕರ್ತೃ ಮಾಡುವುದು. ‘ಯಾರು ತೊಗೊಂಡ್ರು’ ಬೇಡ, ‘ಚಿತ್ರ ಎಲ್ಲಿ ಹೋತು’ ಸರಿ. ‘ಕದ್ದಾರ’ ಬೇಡ, ‘ಕಾಣವಲ್ದು’ ಸರಿ. ಮನುಷ್ಯರೇ ಕಳ್ಳರೆಂದು ಖಾತ್ರಿಯಿದ್ದಾಗ ಮಾತ್ರ ‘ರು’ ಬಹುವಚನ ಹಿಡಿಯಿರಿ: ಬಂದರು, ಹೋದರು, ಪಕ್ಕದ ಮನೆಯವರು. ಎ ಟು ಝಡ್‌ನ ಮೊದಲ ಪುಸ್ತಕದಲ್ಲಿ ಊರಿಗೆ ಬರಬೇಕಾದ ಪ್ರಸಿದ್ಧ ಪತ್ತೇದಾರಿ ಲೇಖಕರು ಕಾಣೆಯಾಗುತ್ತಾರೆ. ಅಲ್ಲಿ ಕಡೆಯ ಪುಟದವರೆಗೆ ‘ಲೇಖಕರು’ ಎಂದೇ ಹೇಳಿ. ನಮ್ಮ ಗೌರವ ಬಹುವಚನ ಪತ್ತೇದಾರಿಗೆ ಇಷ್ಟು ಒದಗುತ್ತದೆಂದು ಯಾವ ವ್ಯಾಕರಣದ ಮೇಷ್ಟ್ರೂ ಹೇಳಿಕೊಟ್ಟಿಲ್ಲ.

ನೆಂಟಸ್ತಿಕೆಯದು ಇದಕ್ಕಿಂತ ಕಷ್ಟ. ‘ಅಂಕಲ್’ ಎಂದರೆ ಕಾಕಾನೋ ಸೋದರಮಾವನೋ? ‘ಕಸಿನ್’ ಎಂದರೆ ಅತ್ತಿ ಮಗಳೋ ಚಿಗವ್ವನ ಮಗನೋ? ಆಸ್ತಿ, ಅಡ್ಡಹೆಸರು, ಹಳೆಯ ಪತ್ರದ ಮೇಲೆ ನಿಂತ ಕೇಸಿನಲ್ಲಿ ತಪ್ಪು ನೆಂಟ ಹೇಳಿದರೆ ಸುಳಿವು ಸತ್ತೇಹೋಗುತ್ತದೆ. ಇಲ್ಲಿ ಕನ್ನಡಕ್ಕೆ ಹಟ ಮಾಡದೆ ‘ಅಂಕಲ್’, ‘ಕಸಿನ್’ ಎಂದೇ ಬಿಡಿ, ಮಕ್ಕಳಿಗೆ ಅರ್ಥವಾಗುತ್ತದೆ. ನೇಟ್ ಇಲ್ಲಿಯೂ ಗೆಲ್ಲುತ್ತಾನೆ. ಅವನ ಸುತ್ತ ಇರುವುದು ಗೆಳೆಯರು, ಒಂದು ನಾಯಿ, ನಾಲ್ಕು ಕಪ್ಪು ಬೆಕ್ಕು. ಅವನು ತಿನ್ನುವ ಪ್ಯಾನ್‌ಕೇಕಿಗೆ ಸಿಹಿ ದೋಸೆ ಎಂದರೆ ಸಾಕು.

ರಾನ್ ರಾಯ್ ಅವರ ಎ ಟು ಝಡ್ 1997ರಲ್ಲಿ ಶುರುವಾದದ್ದು, ಅಕ್ಷರಕ್ಕೊಂದರಂತೆ 26 ಪುಸ್ತಕ. ಮೂವರು ಗೆಳೆಯರು, ಪುಸ್ತಕದ ಮೊದಲಿಗೆ ಊರಿನ ನಕಾಶೆ, ನಿಜವಾದ ಅಧ್ಯಾಯಗಳು. ಐದನೇ ತರಗತಿಯ ಹೊತ್ತಿಗೆ ಚೆನ್ನ. ಅದಕ್ಕೂ ಮುಂಚೆ ಕೊಟ್ಟರೆ ಮೂರನೇ ಅಧ್ಯಾಯದಲ್ಲಿ ಬಂದ ಸುಳಿವು ಎಂಟನೆಯದಕ್ಕೆ ಬರುವಷ್ಟರಲ್ಲಿ ಮರೆತಿರುತ್ತದೆ. ಹೆಸರುಗಳೂ ಜಾಸ್ತಿ. ಕೊಟ್ಟೇ ತೀರಬೇಕೆಂದರೆ ಪ್ರತಿ ಅಧ್ಯಾಯ ಮುಗಿದಾಗ ಒಂದು ಚೀಟಿಯಲ್ಲಿ ಎರಡೇ ಸಾಲು ಬರೆಸಿ: ಹೊಸದಾಗಿ ಬಂದವರು ಯಾರು, ವಿಚಿತ್ರ ಅನಿಸಿದ್ದು ಏನು.

ಇಲಿಯೊಂದರ ಸಾಹಸಗಳ ಸರಣಿ ‘ಜೆರೊನಿಮೊ ಸ್ಟಿಲ್ಟನ್’: ಬಣ್ಣಬಣ್ಣದ, ಕುಣಿಯುವ ಅಕ್ಷರಗಳು. ಇಂಗ್ಲಿಷ್ ಅಕ್ಷರವೇ ಇನ್ನೂ ಗಟ್ಟಿಯಾಗದ ಮಗುವಿಗೆ ಬೇಡ.

ಕನ್ನಡದಲ್ಲೇ ಬೇಕೆಂದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣಕ್ಕೆ ಹೋಗಿ, ಭಾಷೆ ಕನ್ನಡ, ಹಂತ 3 ಅಥವಾ 4 ಆರಿಸಿ. ಪುಕ್ಕಟೆ ಇಳಿಸಿಕೊಳ್ಳಬಹುದು, ಮುದ್ರಿಸಿ ಹಂಚಲೂ ಪರವಾನಗಿ ಇದೆ. ಅಧ್ಯಾಯಗಳ ಪುಸ್ತಕದಷ್ಟು ಉದ್ದ ಇರುವುದಿಲ್ಲ, ಒಮ್ಮೆ ಕೂತರೆ ಮುಗಿಯುವಂಥವು. ಝೆರಾಕ್ಸ್ ಅಂಗಡಿಯಲ್ಲಿ ‘ಬುಕ್‌ಲೆಟ್’ ಎಂದು ಹೇಳಿ ಎ4 ಹಾಳೆಯ ಎರಡೂ ಬದಿಗೆ ತೆಗೆಸಿ, ನಡುವೆ ಮಡಚಿ ಎರಡು ಪಿನ್ ಹೊಡೆಸಿ. ಪುಟಗಳು ನಾಲ್ಕರ ಲೆಕ್ಕಕ್ಕೆ ಬರದಿದ್ದರೆ ಕೊನೆಗೆ ಖಾಲಿ ಪುಟ ಉಳಿಯುತ್ತದೆ, ಅಲ್ಲಿ ಅನುಮಾನಿತರ ಪಟ್ಟಿ ಬರೆಸಬಹುದು. ಕಪ್ಪು-ಬಿಳುಪಿಗೆ ಹಾಕುವ ಮೊದಲು ಕತೆ ಪೂರ್ತಿ ಓದಿ. ಸುಳಿವು ಚಿತ್ರದ ಬಣ್ಣದಲ್ಲಿದ್ದರೆ ಝೆರಾಕ್ಸ್ ಯಂತ್ರವೇ ಅದನ್ನು ಕದ್ದಿರುತ್ತದೆ.

ತಿಂಗಳಿಗೆ ಒಂದೇ ಪುಸ್ತಕದ ದುಡ್ಡು, ರಾತ್ರಿ ಊಟದ ಮೇಲೆ ಇಪ್ಪತ್ತು ನಿಮಿಷ, ಇಷ್ಟರಲ್ಲಿ ನನ್ನ ಸರದಿ ಹೀಗಿದೆ: ಮೊದಲು ಬುಕ್‌ಲೆಟ್ ಮಾಡಿಸಿದ ಎರಡು ಕನ್ನಡ ಕತೆ, ಆಮೇಲೆ ನೇಟ್ ಮೂರು, ಆಮೇಲೆ ಬ್ರೌನ್ ಒಂದು. ಎ ಟು ಝಡ್ ಕಟ್ಟು ಐದನೇ ತರಗತಿಗೆ ಕಾಯಲಿ. ನೇಟ್ ಪುಸ್ತಕಗಳು ತೆಳ್ಳಗಿವೆ, ಪುಟದ ಲೆಕ್ಕ ಹಾಕಿದರೆ ದುಬಾರಿ, ಒಂದೇ ಮಗುವಿಗೆಂದು ತರಿಸುವುದು ಕೈಕಚ್ಚುತ್ತದೆ. ಓಣಿಯ ಮೂರು ಮನೆ ಸೇರಿ ಒಂದೊಂದು ತರಿಸಿ ಅದಲು ಬದಲು ಮಾಡಿಕೊಂಡರೆ ನಡೆಯುತ್ತದೆ. ಆದರೆ ಓದಿ ಮುಗಿಸಿದ ಮಗು ಪುಸ್ತಕದ ಜೊತೆಗೆ ಉತ್ತರವನ್ನೂ ಪಕ್ಕದ ಮನೆಗೆ ದಾಟಿಸುತ್ತದೆ. ಅದಕ್ಕೆ ಇನ್ನೂ ಕ್ಲಿಪ್ ಸಿಕ್ಕಿಲ್ಲ.