ಎಡಗಿವಿ ಮೌನವ್ರತ ಹಿಡಿದಾಗ: 1,799 ರೂಪಾಯಿಯ ಇಯರ್‌ಬಡ್ಸ್ ಜತೆ 11 ತಿಂಗಳು

ಕಂಪನಿ ಹೆಸರು ಬರೆಯುತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಆಫೀಸಿನಲ್ಲೇ ಬೇರೆ ಬೇರೆ ಕಂಪನಿಯ ಬಡ್ಸ್ ಇಟ್ಟುಕೊಂಡಿರುವ ಮೂವರಿಗೆ ಒಂದು ಕಡೆ ಸದ್ದು ನಿಂತುಹೋಗುವ ಇದೇ ಗೋಳು. ಹಾಗಾಗಿ ಒಬ್ಬರ ಮೇಲೆ ಗೂಬೆ ಕೂರಿಸಿ ಪ್ರಯೋಜನ ಇಲ್ಲ.

ತಗೊಂಡಿದ್ದು ಹಬ್ಬದ ಆಫರ್‌ನಲ್ಲಿ, 1,799ಕ್ಕೆ. ಆ ದುಡ್ಡಿಗೆ ಸೌಂಡ್ ಚೆನ್ನಾಗಿದೆ. ಬೇಸ್ ಸ್ವಲ್ಪ ಜಾಸ್ತಿ, ತಮಟೆ ಡೊಳ್ಳು ಇರುವ ಹಾಡಿಗೆ ಸರಿ, ವೀಣೆ ಕೇಳೋರಿಗೆ ಅಷ್ಟಕ್ಕಷ್ಟೆ. ಒಮ್ಮೆ ಚಾರ್ಜ್ ಮಾಡಿದರೆ ನಾಲ್ಕೂವರೆ ಗಂಟೆ ಓಡುತ್ತದೆ. ಡಬ್ಬದ ಮೇಲೆ ಬರೆದಿದ್ದು ಆರು ಗಂಟೆ, ಅದನ್ನ ಯಾರು ನಂಬ್ತಾರೆ ಹೇಳಿ. ಮೈಕ್ ಮಾತ್ರ ಕಳಪೆ. ಬನಶಂಕರಿಯಿಂದ ಮೆಜೆಸ್ಟಿಕ್ ಬಸ್ಸಿನಲ್ಲಿ ಕೂತು ಅಮ್ಮನಿಗೆ ಫೋನ್ ಮಾಡಿದರೆ, "ಯಾವ ಬಾವಿಯೊಳಗಿಂದ ಮಾತಾಡ್ತಿದ್ದೀಯೋ" ಅನ್ನುತ್ತಾರೆ. ಡಬ್ಬದಲ್ಲಿ ಮೂರು ಸೈಜಿನ ರಬ್ಬರ್ ಟಿಪ್ ಕೊಟ್ಟಿದ್ದರು. ನನ್ನ ಎಡಗಿವಿಗೆ ನಡುವಿನ ಸೈಜ್ ನಿಲ್ಲುತ್ತಿರಲಿಲ್ಲ, ಜಾರಿ ಬೀಳುತ್ತಿತ್ತು. ಏಳನೇ ತಿಂಗಳಲ್ಲಿ ಎಡಗಡೆಗೆ ಮಾತ್ರ ದೊಡ್ಡದು ಹಾಕಿಕೊಂಡೆ. ಈ ವಿಷಯ ನೆನಪಿಟ್ಟುಕೊಳ್ಳಿ.

ಎಂಟನೇ ತಿಂಗಳಲ್ಲಿ ಒಂದು ಬೆಳಗ್ಗೆ ಎಡಗಡೆಯದು ಮಾತು ನಿಲ್ಲಿಸಿತು. ಬಲಗಡೆ ಹಾಡುತ್ತಿದೆ, ಎಡಗಡೆ ಸದ್ದೇ ಇಲ್ಲ. ಮೊಬೈಲ್‌ನಲ್ಲಿ ನೋಡಿದರೆ ಒಂದೇ ಹೆಸರು ಎರಡು ಸಲ ಕಾಣಿಸುತ್ತಿದೆ, ಎಡದ್ದು ಬೇರೆ, ಬಲದ್ದು ಬೇರೆ. ಜಗಳ ಆಡಿ ಮನೆ ಪಾಲು ಮಾಡಿಕೊಂಡ ಅಣ್ಣತಮ್ಮಂದಿರ ಥರ.

ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಒಂದೇ ಮಂತ್ರ: "ರೀಸೆಟ್ ಮಾಡಿ ಸರ್." ಸರಿ, ಮಾಡಿದೆ. ಮೊದಲು ಮೊಬೈಲ್‌ನ ಬ್ಲೂಟೂತ್ ಪಟ್ಟಿಯಿಂದ ಎರಡೂ ಹೆಸರು ಫರ್ಗೆಟ್ ಕೊಡಬೇಕು. ಇದನ್ನ ತುಂಬಾ ಜನ ಬಿಟ್ಟುಬಿಡುತ್ತಾರೆ. ಬಡ್ಸ್ ಹಳೇದೆಲ್ಲ ಮರೆತರೂ ಮೊಬೈಲ್ ಹಳೇ ಕೀ (ಜೋಡಿಯಾದಾಗಿನ ಗುಟ್ಟಿನ ಗುರುತು) ಹಿಡಿದುಕೊಂಡೇ ಕೂತಿರುತ್ತದೆ, ಆಮೇಲೆ ಎರಡಕ್ಕೂ ತಾಳ ಸೇರುವುದಿಲ್ಲ. ಫರ್ಗೆಟ್ ಕೊಟ್ಟ ಮೇಲೆ ಬ್ಲೂಟೂತ್ ಆಫ್ ಮಾಡಿ, ಎರಡೂ ಬಡ್ಸ್ ಕೇಸ್‌ನಲ್ಲಿಟ್ಟು, ಮುಚ್ಚಳ ತೆಗೆದೇ ಇಟ್ಟು, ಕೇಸ್‌ನ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಬೇಕು. ಎರಡರಲ್ಲೂ ಲೈಟ್ ಮೂರು ಸಲ ಮಿನುಗಿದರೆ ಆಯ್ತು. ಇದು ನನ್ನ ಮಾಡೆಲ್‌ನ ಲೆಕ್ಕ. ಕೆಲವದರಲ್ಲಿ ಕೇಸ್‌ಗೆ ಬಟನ್ನೇ ಇರಲ್ಲ, ಬಡ್ಸ್ ಮೇಲೇ ಒತ್ತಿ ಹಿಡಿಯಬೇಕು, ಇನ್ನು ಕೆಲವಕ್ಕೆ ಆ್ಯಪ್ ಒಳಗಿಂದ ಮಾಡಬೇಕು.

ಸರಿಹೋಯ್ತು. ಖುಷಿಯಾಯ್ತು. ನಾಲ್ಕು ದಿನ.

ಐದನೇ ದಿನ ಮತ್ತೆ ಮೌನವ್ರತ. ಮತ್ತೆ ರೀಸೆಟ್, ಮತ್ತೆ ಮೂರ್ನಾಲ್ಕು ದಿನ ಚೆನ್ನಾಗಿ ಓಡೋದು, ಮತ್ತೆ ಅದೇ ಕಥೆ. ಹೀಗೆ ಒಂದು ತಿಂಗಳು ಎಳೆದು ಕೊನೆಗೆ ಸರ್ವೀಸ್ ಸೆಂಟರ್‌ಗೆ ಕೊಟ್ಟೆ. 12 ದಿನ ಇಟ್ಟುಕೊಂಡು "ತೊಂದರೆ ಕಂಡುಬಂದಿಲ್ಲ" ಅಂತ ಚೀಟಿ ಅಂಟಿಸಿ ವಾಪಸ್ ಕೊಟ್ಟರು. ನಾನು ಟಿಪ್ ಎಲ್ಲ ಬಿಚ್ಚಿ ಬರೀ ಬಡ್ಸ್ ಕೊಟ್ಟಿದ್ದೆ. ಕಿವಿಯ ಗುಗ್ಗೆ ಇರೋ ಟಿಪ್ ಕೊಡೋಕೆ ನಾಚಿಕೆ ಅಲ್ವಾ. ಅವರಿಗೆ ತೊಂದರೆ ಕಾಣದಿದ್ದಕ್ಕೂ ಅದೇ ಕಾರಣ ಅಂತ ಗೊತ್ತಾಗಿದ್ದು ಆಮೇಲೆ. ಬೈಕೊಂಡಿದ್ದಕ್ಕೆ ಸ್ವಲ್ಪ ಬೇಜಾರೂ ಆಯ್ತು.

ಗೊತ್ತಾಗಿದ್ದು ಹೇಗೆ ಅಂದ್ರೆ, ಒಂದು ರಾತ್ರಿ ಕರೆಂಟ್ ಹೋಯ್ತು. ಕತ್ತಲಲ್ಲಿ ಮಲಗಿದ್ದೇನೆ, ಮೇಜಿನ ಮೇಲಿದ್ದ ಕೇಸ್‌ನ ಮುಚ್ಚಳದ ಸಂದಿಯಿಂದ ಸಣ್ಣಗೆ ನೀಲಿ ಬೆಳಕು ಮಿಣುಕ್, ಮಿಣುಕ್ ಅಂತಿದೆ. ಮುಚ್ಚಿದ ಕೇಸ್ ಒಳಗೆ ಬಡ್ಸ್ ನಿದ್ದೆ ಮಾಡಬೇಕು, ಆದರೆ ಎಡಗಡೆಯದು ಎದ್ದು ಕೂತು ಮೊಬೈಲ್ ಹುಡುಕುತ್ತಿದೆ! ಟಾರ್ಚ್ ಹಾಕಿ ನೋಡಿದೆ. ದೊಡ್ಡ ಟಿಪ್ ಕೇಸ್‌ನ ಕುಳಿಯ ಅಂಚಿಗೆ ಒತ್ತಿಕೊಂಡು ಬಡ್ ಅನ್ನು ಒಂದು ಕೂದಲೆಳೆಯಷ್ಟು ಮೇಲಕ್ಕೆತ್ತಿತ್ತು. ಬಡ್ ತಳದಲ್ಲಿ ಎರಡು ಚಿನ್ನದ ಬಣ್ಣದ ಚುಕ್ಕೆ ಇರುತ್ತವೆ, ಕೇಸ್‌ನಲ್ಲಿ ಸ್ಪ್ರಿಂಗ್ ಇರೋ ಎರಡು ಪುಟ್ಟ ಪಿನ್. ಅವು ಮುಟ್ಟಿದರೆ ಚಾರ್ಜ್, ಮುಟ್ಟಿದರೇ ನಿದ್ದೆ, ರೀಸೆಟ್ ಆದೇಶ ಹೋಗುವುದೂ ಅದೇ ದಾರಿಯಲ್ಲಿ. ಅದು ಮುಟ್ಟುತ್ತಿದ್ದದ್ದು ಒಂದು ದಿನ ಹೌದು, ಒಂದು ದಿನ ಇಲ್ಲ. ರಾತ್ರಿಯೆಲ್ಲ ಎದ್ದಿದ್ದು ಬ್ಯಾಟರಿ ಖಾಲಿ, ಬೆಳಗ್ಗೆ ಬಲಗಡೆಯದು ಒಂಟಿಯಾಗಿ ಮೊಬೈಲ್‌ಗೆ ಸೇರಿಕೊಂಡು ಜೋಡಿ ಮುರಿದುಹೋಗುತ್ತಿತ್ತು. ರೀಸೆಟ್ ಮಾಡುವಾಗ ನಾನು ಬೆರಳಿಂದ ಒತ್ತಿ ಕೂರಿಸುತ್ತಿದ್ದೆ, ಅದಕ್ಕೇ ಸರಿಹೋಗುತ್ತಿತ್ತು.

ಮೂರು ತಿಂಗಳ ತಲೆನೋವಿಗೆ ಕಾರಣ ಹತ್ತು ಪೈಸೆ ರಬ್ಬರ್.

ಜತೆಗೆ ಆ ಪಿನ್‌ಗಳ ಸುತ್ತ ಬೆವರು ಒಣಗಿ ಕಪ್ಪು ಉಂಗುರ ಕಟ್ಟಿತ್ತು. ಮೆಡಿಕಲ್ ಶಾಪ್‌ನಲ್ಲಿ ಸಿಗೋ ಐಸೊಪ್ರೊಪೈಲ್ ಆಲ್ಕೋಹಾಲ್ ಕಿವಿ ಹತ್ತಿಕಡ್ಡಿಗೆ ಸ್ವಲ್ಪವೇ ತಾಗಿಸಿ ಒರೆಸಿದೆ, ಒಣಗಲು ಬಿಟ್ಟೆ. ನೀರು ಹಾಕಬೇಡಿ, ಬಡ್ಸ್‌ಗೆ ಐಪಿಎಕ್ಸ್4 ಅಂತ ನೀರು ತಡೆಯುವ ದರ್ಜೆ ಬರೆದಿದ್ದರೂ ಅದು ಬೆವರು, ನೀರ ಹನಿ ಚಿಮುಕುವುದಕ್ಕಷ್ಟೇ, ಕೇಸ್‌ಗೆ ಸಾಮಾನ್ಯವಾಗಿ ಅದೂ ಇರಲ್ಲ. ಸೌಂಡ್ ಪೂರ್ತಿ ಹೋಗದೆ ಬರೀ ಕಮ್ಮಿ ಆಗಿದ್ದರೆ ಸಾಮಾನ್ಯವಾಗಿ ಬಡ್ ಬಾಯಿಯ ಜಾಲರಿಗೆ ಗುಗ್ಗೆ ಕಟ್ಟಿರುತ್ತದೆ. ಬಡ್ ಬಾಯಿ ಕೆಳಗೆ ಮಾಡಿ, ಒಣಗಿದ ಮೆತ್ತನೆ ಟೂತ್ ಬ್ರಷ್‌ನಿಂದ ತಟ್ಟಿ. ಸೂಜಿ ಚುಚ್ಚಿದಿರೋ, ಜಾಲರಿ ಒಳಗೆ ಹೋಗುತ್ತದೆ, ನಾನು ಹಳೇ ಜೋಡಿಯಲ್ಲಿ ಮಾಡಿ ಕೈ ಸುಟ್ಟುಕೊಂಡಿದ್ದೇನೆ.

ಅಕ್ಕನ ಕಥೆ ಬೇರೆ. ಅವಳ ಬಡ್ಸ್‌ನಲ್ಲೂ ಒಂದೇ ಕಡೆ ಸೌಂಡ್. ನಾನು ಪಂಡಿತನ ಥರ ರೀಸೆಟ್ ಮಾಡಿ, ಒರೆಸಿ, ಟಿಪ್ ಬದಲಿಸಿ ಸುಸ್ತಾದೆ. ಕೊನೆಗೆ ನೋಡಿದರೆ ಮೊಬೈಲ್ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ಒಳಗೆ ಎಡ-ಬಲ ಬ್ಯಾಲೆನ್ಸ್ ಗೆರೆ ಪೂರ್ತಿ ಬಲಕ್ಕೆ ಹೋಗಿ ಕೂತಿದೆ, ಎರಡನೇ ಕ್ಲಾಸಿನ ಮಗರಾಯನ ಕೈಚಳಕ. ಹಾಗಾಗಿ ಏನೇ ಮಾಡುವ ಮುಂಚೆ ಬೇರೆ ಮೊಬೈಲ್‌ಗೆ ಹಾಕಿ ನೋಡಿ, ಸುಮ್ನೆ ಎರಡು ನಿಮಿಷದ ಕೆಲಸ.

ಮೆಜೆಸ್ಟಿಕ್ ಜನಸಂದಣಿಯಲ್ಲಿ ಕಟ್ ಕಟ್ ಆಗುವುದಕ್ಕೆ ಮಾತ್ರ ರೀಸೆಟ್ ಮದ್ದಲ್ಲ. ಬ್ಲೂಟೂತ್ ಓಡುವ 2.4 ಗಿಗಾಹರ್ಟ್ಸ್ ದಾರಿಯಲ್ಲೇ ವೈಫೈ, ಮೈಕ್ರೋವೇವ್ ಎಲ್ಲ ಓಡುತ್ತವೆ, ಮೇಲಿಂದ ನಮ್ಮ ಮೈಯೇ ಆ ಸಿಗ್ನಲ್ ನುಂಗುತ್ತದೆ. ಮೊಬೈಲ್ ಪ್ಯಾಂಟಿನ ಹಿಂದಿನ ಜೇಬಿನಿಂದ ಅಂಗಿ ಜೇಬಿಗೆ ಬಂದ ಮೇಲೆ ನನಗೆ ಅರ್ಧ ತೊಂದರೆ ಕಮ್ಮಿಯಾಯ್ತು.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಒಂದು ಕಳೆದಿದ್ದು ಮೈಕ್‌ಗೆ. ಇನ್ನೊಂದು, ತಾವೇ ಕೊಟ್ಟ ಟಿಪ್ ತಮ್ಮದೇ ಕೇಸ್‌ನಲ್ಲಿ ಕೂರುತ್ತದಾ ಅಂತ ನೋಡದಿದ್ದಕ್ಕೆ. ಈಗ ನಡುವಿನ ಸೈಜಿಗೇ ವಾಪಸ್ ಬಂದಿದ್ದೇನೆ. ಬಸ್ಸು ಹಂಪ್ ಹಾರಿದಾಗಲೆಲ್ಲ ಎಡಗಡೆಯದು ಜಾರುತ್ತದೆ, ಬೆರಳಲ್ಲಿ ಒತ್ತಿಕೊಳ್ಳುತ್ತೇನೆ.