ಬೆಳ್ಳುಳ್ಳಿ ಬೋರ್ಡು ಬರೆಯುವ ಮುಂಚೆ ವಿಕ್ಷನರಿ ನೋಡಿ

ನಮ್ಮದು ಸಣ್ಣ ನರ್ಸರಿ. ಹೋದ ತಿಂಗಳು ಒಂದು ಶಾಲೆಯ ತೋಟಕ್ಕೆ ಗಿಡಗಳ ಜೊತೆ ಹೆಸರಿನ ಬೋರ್ಡನ್ನೂ ಮಾಡಿಕೊಟ್ಟೆ. ಭತ್ತದ ವೈಜ್ಞಾನಿಕ ಹೆಸರು, ಅಂದರೆ ಲ್ಯಾಟಿನ್ ಹೆಸರು, ಒರೈಜಾ ಸಟೈವಾ ಅಂತ ಗೊತ್ತಿತ್ತು. ಅದೇ ಧೈರ್ಯದಲ್ಲಿ ಬೆಳ್ಳುಳ್ಳಿಗೆ ಅಲಿಯಂ ಸಟೈವಾ ಅಂತ ಬರೆದುಬಿಟ್ಟೆ. ಅಲ್ಲಿನ ವಿಜ್ಞಾನದ ಮೇಷ್ಟ್ರು ನೋಡಿ, "ಇದು ಸಟೈವಂ ಆಗಬೇಕಲ್ವಾ ಮೇಡಂ?" ಅಂದರು. ಪೇಂಟು ಆಗಲೇ ಒಣಗಿತ್ತು.

ಅವತ್ತು ರಾತ್ರಿ ಇಂಗ್ಲಿಷ್ ವಿಕ್ಷನರಿಯಲ್ಲಿ ಆ ಪದದ ಮೂಲ ರೂಪ ಸಟೈವಸ್ ಹುಡುಕಿದೆ. 2002ರಿಂದ ಇಂಟರ್ನೆಟ್ಟಿನಲ್ಲಿ ಇರುವ ಬಿಟ್ಟಿ ನಿಘಂಟು ಇದು. ಇದಕ್ಕೂ ಮುಂಚೆ ಕಾಸು ಕೊಟ್ಟು ಹಾಕಿಕೊಂಡಿದ್ದ ಒಂದು ಆ್ಯಪ್ "ಬೆಳೆಸಿದ" ಅಂತ ಒಂದೇ ಪದ ಹೇಳಿ ಕೈತೊಳೆದುಕೊಂಡಿತ್ತು. ಇಲ್ಲಿ ಬೇರು ಸಮೇತ ಸಿಕ್ಕಿತು. ಸೆರೊ ಅಂದರೆ ಬಿತ್ತುತ್ತೇನೆ. ಅದರಿಂದ ಸತುಸ್, ಬಿತ್ತಿದ್ದು. ಅದಕ್ಕೆ ಈವುಸ್ ಪ್ರತ್ಯಯ ಸೇರಿ ಸತೀವುಸ್, ಬಿತ್ತಿ ಬೆಳೆಯುವಂಥದ್ದು. ಕಾಡಿನಲ್ಲಿ ತಾನಾಗಿ ಹುಟ್ಟಿದ್ದಲ್ಲ. ನಾವು ದಿನಾ ಹೇಳುವ ಸೀಸನ್ ಕೂಡ ಇದೇ ಬಿತ್ತನೆಯ ಮನೆತನದ್ದು! ಉಚ್ಚಾರಣೆಯನ್ನೂ ಕೊಟ್ಟಿದ್ದಾರೆ. ನಮ್ಮ ಸಟೈವಾ ಇಂಗ್ಲಿಷ್ ಬಾಯಿಯದು, ರೋಮನ್ನರದು ಸತೀವ.

ಕೆಳಗೆ ವಿಭಕ್ತಿ ಕೋಷ್ಟಕ. ಆರು ವಿಭಕ್ತಿ, ಎರಡು ವಚನ, ಮೂರು ಲಿಂಗ, ಲೆಕ್ಕಕ್ಕೆ 36 ಮನೆ. ಗಾಬರಿ ಬೇಡ, ಬೋರ್ಡಿಗೆ ಬೇಕಿರುವುದು ಮೊದಲ ಸಾಲಿನ ಏಕವಚನದ ಮೂರೇ. ಮೊದಲ ಪದದ ಲಿಂಗ ಯಾವುದೋ ಎರಡನೇ ಪದವೂ ಅದೇ ಲಿಂಗಕ್ಕೆ ತಿರುಗುತ್ತದೆ. ಕ್ರೋಕಸ್ ಪುಲ್ಲಿಂಗ, ಹಾಗಾಗಿ ಕೇಸರಿಗೆ ಕ್ರೋಕಸ್ ಸಟೈವಸ್. ಒರೈಜಾ ಸ್ತ್ರೀಲಿಂಗ, ಸಟೈವಾ. ಅಲಿಯಂ ನಪುಂಸಕ, ಸಟೈವಂ. ಕೊತ್ತಂಬರಿಯೂ ಅಷ್ಟೇ, ಕೊರಿಯಾಂಡ್ರಂ ಸಟೈವಂ. ನಮ್ಮಲ್ಲಿ ನೋಡಿ, ಒಳ್ಳೆ ಹುಡುಗ, ಒಳ್ಳೆ ಹುಡುಗಿ, ಒಳ್ಳೆ ಬೀಜ. ಒಳ್ಳೆ ಅನ್ನೋದು ಅಲ್ಲಾಡುವುದೇ ಇಲ್ಲ. ನಾನು ಸುಮ್ಸುಮ್ನೆ ಎಡವಲಿಲ್ಲ, ಅಲ್ವಾ?

ಆದರೆ ಈ ಪುಟ ಒಂದನ್ನೇ ನಂಬಿ ಬ್ರಷ್ ಹಿಡಿಯಬೇಡಿ. ಗಿಡದ ಹೆಸರಿನ ಪುಟವನ್ನೂ ತೆರೆದು ಅದರ ಲಿಂಗ ನೋಡಿ. ಅರಳಿ ಮರದ ಫೈಕಸ್ ಕ್ರೋಕಸ್ ಥರಾನೇ ಮುಗಿಯುತ್ತದೆ, ಆದರೆ ಸ್ತ್ರೀಲಿಂಗ. ಲ್ಯಾಟಿನ್‌ನಲ್ಲಿ ಮರಗಳ ಹೆಸರು ಜಾಸ್ತಿ ಹೆಣ್ಣೇ. ಅದಕ್ಕೇ ಫೈಕಸ್ ರಿಲಿಜಿಯೋಸಾ. ಹುಣಸೆಯೂ ಟ್ಯಾಮರಿಂಡಸ್ ಇಂಡಿಕಾ. ವಿವರಣೆಯೆಲ್ಲ ಇಂಗ್ಲಿಷಿನಲ್ಲಿದೆ, ನನಗೆ ಮಗಳು ಪಕ್ಕದಲ್ಲಿ ಕೂತು ಓದಿ ಹೇಳಿದಳು.

ಮಾರನೇ ದಿನ ಶಾಲೆಗೆ ಹೋಗಿ 'ವಾ'ದ ದೀರ್ಘ ಕೆರೆದು, ಮುಂದೆ ಸೊನ್ನೆ ಹಾಕಿ ಬಂದೆ. ಹತ್ತಿರ ಹೋದರೆ ಕೆರೆದ ಗುರುತು ಇನ್ನೂ ಕಾಣುತ್ತದೆ.