ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್: 12 ಮಳೆಗಾಲ ಓಡಿಸಿದ ಮೇಲೆ

ದುಡ್ಡು ಉಳಿಸೋಣ ಅಂತ ಈ ಕೆಲಸಕ್ಕೆ ಕೈ ಹಾಕಿದವನು ನಾನು. ಆ ಲೆಕ್ಕ ಪೂರ್ತಿ ತಲೆಕೆಳಗಾಯಿತು. ಆದರೂ ಇವತ್ತು ಯಾರಾದರೂ ಹಳೇ ಪೆಟ್ರೋಲ್ ಇಂಜಿನ್ ವಾಪಸ್ ಕೂರಿಸಿಕೊಡುತ್ತೇನೆ ಅಂದರೆ ಗೇಟ್ ಹಾಕಿಕೊಂಡು ಒಳಗೆ ಹೋಗುತ್ತೇನೆ.

ಗಾಡಿ 1978ರ ಮಹೀಂದ್ರ ಜೀಪ್, ಲಾಂಗ್ ಚಾಸಿಸ್. ಅಪ್ಪ ಕೊಂಡಾಗಲೇ ಹಿಂದೆ ಪಿಕಪ್ ಬಾಡಿ ಇತ್ತು. ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮ ತೋಟ. ಗೊಬ್ಬರ, ಕಾಫಿ ಮೂಟೆ, ಮರಗಪಾತಿನ (ನೆರಳು ಮರದ ಕೊಂಬೆ ಕಡಿದಾಗ ಸಿಗುವ) ಸೌದೆ, ಕೆಲಸದವರು, ಎಲ್ಲದಕ್ಕೂ ಇದೇ ಗಾಡಿ. ಒಳಗೆ ವಿಲ್ಲಿಸ್ ಕಾಲದ 2199 ಸಿಸಿ ಪೆಟ್ರೋಲ್ ಇಂಜಿನ್. ಸದ್ದು ಹೊಲಿಗೆ ಮಿಷನ್ ಥರ ಮೆತ್ತಗೆ. ಆದರೆ ಜೂನ್ ಬಂತು ಅಂದರೆ ಅದಕ್ಕೂ ನೆಗಡಿ. ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡೆಲ್ಕೋದ ಕ್ಯಾಪಿನೊಳಗೆ ತೇವ ಸೇರಿ ಏರಿನ ಮಧ್ಯೆ ನಿಂತುಬಿಡುತ್ತಿತ್ತು. ಸೀಟಿನ ಕೆಳಗೆ ಒಣ ಬಟ್ಟೆ ಇಟ್ಟುಕೊಳ್ಳದೆ ನಾನು ಮಳೆಗಾಲದಲ್ಲಿ ಹೊರಟಿದ್ದೇ ಇಲ್ಲ. ಲೀಟರಿಗೆ 7 ಕಿಲೋಮೀಟರ್ ಕೊಟ್ಟರೆ ಅವತ್ತು ಹಬ್ಬ.

2013ರಲ್ಲಿ ಇಂಜಿನ್ ಬದಲಿಸಿದೆ. ಹಾಕಿದ್ದು ಮಹೀಂದ್ರದ್ದೇ 2523 ಸಿಸಿ ಡಿಐ (ಡೀಸೆಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ) ಇಂಜಿನ್, ಗುಜರಿಗೆ ಹೋದ ಒಂದು ಕಮಾಂಡರ್ ಜೀಪಿನದು. ಟರ್ಬೋ ಇಲ್ಲ, ಕಂಪ್ಯೂಟರ್ ಇಲ್ಲ. ಪಂಪು, ಡೀಸೆಲ್ ಚಿಮ್ಮಿಸುವ ನಾಜಲ್, ನಾಲ್ಕು ಸಿಲಿಂಡರ್, ಅಷ್ಟೇ. ಫ್ರಾನ್ಸಿನ ಪೂಜೋ ಕಂಪನಿ ಮೂಲದ ಹಳೇ ಡೀಸೆಲ್ ಇಂಜಿನ್ ಕೂಡ ಸಿಗುತ್ತಿತ್ತು. ಅದು ಓಡಲು ಮೆತ್ತಗೆ, ಆದರೆ ಸ್ಟಾರ್ಟ್ ಮಾಡುವ ಮೊದಲು ಒಳಗೆ ಬಿಸಿ ಮಾಡಲು ಹೀಟರ್ ಪ್ಲಗ್ ಬೇಕು. ಡಿಐಗೆ ಅದೂ ಬೇಡ. ಕೆಲಸ ಮಾಡಿದ ಮೆಕ್ಯಾನಿಕ್ ಕಾಕ, "ನಿಮಗೆ ಎಳೆಯೋ ಎತ್ತು ಬೇಕಾ, ಓಡೋ ಕುದುರೆ ಬೇಕಾ?" ಅಂತ ಕೇಳಿದರು. ಎತ್ತು ಅಂದೆ.

ಇಂಜಿನ್ ಕೊಳ್ಳುವುದು ಸುಲಭ. ಅದರ ಸುತ್ತಲಿನ ಕೆಲಸವೇ ದುಡ್ಡು ತಿನ್ನುವುದು. ಡೀಸೆಲ್ ಇಂಜಿನ್ ಭಾರ ಜಾಸ್ತಿ, ಹಾಗಾಗಿ ಮುಂದಿನ ಪಾಟಾಕ್ಕೆ (ಲೀಫ್ ಸ್ಪ್ರಿಂಗ್‌ಗೆ) ಒಂದೊಂದು ಎಲೆ ಸೇರಿಸಬೇಕಾಯಿತು. ರೇಡಿಯೇಟರ್ ದೊಡ್ಡದು ಬೇಕಾಯಿತು. ಸೆಲ್ಫ್ ತಿರುಗಿಸಲು ಹಳೇ ಬ್ಯಾಟರಿ ಸಾಲಲಿಲ್ಲ. ನಾಜಲಿನಿಂದ ಮಿಕ್ಕ ಡೀಸೆಲ್ ಟ್ಯಾಂಕಿಗೆ ವಾಪಸ್ ಬರಲು ಒಂದು ಪೈಪ್ ಬೇಕು. ಪೆಟ್ರೋಲ್ ಟ್ಯಾಂಕಿನಲ್ಲಿ ಅದಕ್ಕೆ ತೂತೇ ಇರಲಿಲ್ಲ! ಟ್ಯಾಂಕ್ ಇಳಿಸಿ, ಒಳಗಿನ ತುಕ್ಕೆಲ್ಲ ತೊಳೆದು, ಬೆಸುಗೆ ಹಾಕಿಸಿದ್ದಾಯಿತು. 85 ಸಾವಿರದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದು 1 ಲಕ್ಷ 40 ಸಾವಿರಕ್ಕೆ ನಿಂತಿತು.

ನಾನು ಮಾಡಿದ ದೊಡ್ಡ ತಪ್ಪು ಗೇರ್‌ಬಾಕ್ಸ್ ವಿಷಯದಲ್ಲಿ. ಹಳೇ ಮೂರು ಗೇರಿನ ಬಾಕ್ಸನ್ನೇ ಉಳಿಸಿಕೊಂಡು, ಇಂಜಿನ್‌ಗೂ ಅದಕ್ಕೂ ನಡುವೆ ಲೇತಿನಲ್ಲಿ ಕಡೆದ ಒಂದು ಪ್ಲೇಟ್ ಹಾಕಿಸಿದೆ. ಪ್ಲೇಟ್ ಮಾಡಿಕೊಟ್ಟ ಅಂಗಡಿಯವರು ಮಧ್ಯದ ಅಳತೆಯನ್ನು ಒಂದೆಳೆ ತಪ್ಪಿಸಿದ್ದರು. ಕಣ್ಣಿಗೆ ಕಾಣಲ್ಲ, ಬೇರಿಂಗಿಗೆ ಕಾಣುತ್ತದೆ. ಎಂಟೇ ತಿಂಗಳು. ಕಾಫಿ ಕೊಯ್ಲಿನ ಮಧ್ಯೆ, 18 ಮೂಟೆ ಹೇರಿಕೊಂಡಿದ್ದಾಗ, ಗೇರ್‌ಬಾಕ್ಸಿನೊಳಗೆ ಗೋಲಿ ಉರುಳಿದ ಸದ್ದು. ಆಮೇಲೆ ಅದೇ ಕಮಾಂಡರಿನ ನಾಲ್ಕು ಗೇರಿನ ಬಾಕ್ಸನ್ನು ಹುಡುಕಿ ತಂದೆವು. ಅದು ಉದ್ದ ಜಾಸ್ತಿ. ಅದರ ಬೆನ್ನಿಗೇ ಇರುವ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಫೋರ್‌ವೀಲ್ ಬಾಕ್ಸ್ ಹಿಂದಕ್ಕೆ ಸರಿಯಿತು. ಅಲ್ಲಿಂದ ಆಕ್ಸಲ್‌ಗೆ ಹೋಗುವ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ, ಮುಂದಿನದಕ್ಕೆ ಉದ್ದ ಸೇರಿಸಿ, ಎರಡನ್ನೂ ಬ್ಯಾಲೆನ್ಸ್ ಮಾಡಿಸಬೇಕಾಯಿತು. ಇಂಜಿನ್ ತೆಗೆದುಕೊಂಡರೆ ಅದರ ಗೇರ್‌ಬಾಕ್ಸನ್ನೂ ಜೊತೆಗೇ ಎತ್ತಿಕೊಂಡು ಬನ್ನಿ. ಕಾಕ ಮೊದಲೇ ಹೇಳಿದ್ದರು. ನಾನೇ ಜಿಪುಣತನ ಮಾಡಿದೆ.

ಈಗ ಓಡಿಸುವ ಮಾತು. ಆಕ್ಸಿಲರೇಟರ್ ಮುಟ್ಟದೆ ಫಸ್ಟ್ ಗೇರಿನಲ್ಲಿ ಬಿಟ್ಟರೆ ಕೆಸರಿನ ಏರನ್ನು ತನ್ನ ಪಾಡಿಗೆ ಹತ್ತುತ್ತದೆ. ಪೆಟ್ರೋಲಿನಲ್ಲಿ ರೇಸ್ ಕೊಟ್ಟೂ ಕೊಟ್ಟೂ ಚಕ್ರ ಸುತ್ತಿ ಗುಂಡಿ ತೋಡುತ್ತಿದ್ದ ಜಾಗ ಅದು. ಪ್ಲಗ್ ಇಲ್ಲ, ಡೆಲ್ಕೋ ಇಲ್ಲ, ಹಾಗಾಗಿ ಮಳೆಗೆ ನೆನೆದು ಕೆಡುವಂಥದ್ದೂ ಇಲ್ಲ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿ ಕಡೆ ಮನೆಗಳಿಗೆ ನೀರು ನುಗ್ಗಿತಲ್ಲ, ಆಗ ನಾಲ್ಕು ದಿನ ಅಕ್ಕಿ, ಕಂಬಳಿ ಹೊತ್ತು ಓಡಿತು. ಒಮ್ಮೆಯೂ ನಿಲ್ಲಲಿಲ್ಲ. ಹಾಗಂತ ಆಳದ ನೀರಿಗೆ ಇಳಿಸಬೇಡಿ. ಏರ್ ಫಿಲ್ಟರ್ ಮೂಲಕ ನೀರು ಒಳಗೆ ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರನ್ನು ಪಿಸ್ಟನ್ ಒತ್ತಲಾರದು, ಅಲ್ವಾ?

ಟಾರ್ ರಸ್ತೆಯಲ್ಲಿ ಮಾತ್ರ ಶಿಕ್ಷೆ. ಹಳೇ ಜೀಪಿನ ಆಕ್ಸಲ್ ಒಳಗಿನ ಕ್ರೌನ್ ಪಿನಿಯನ್ 43ಕ್ಕೆ 8 ಹಲ್ಲು, ಅಂದರೆ ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ 5.38 ಸುತ್ತು ತಿರುಗಬೇಕು. ಜಾಸ್ತಿ ಸುತ್ತುವ ಪೆಟ್ರೋಲ್ ಇಂಜಿನ್‌ಗೆ ಅದು ಸರಿ. ಡೀಸೆಲ್ ಅಷ್ಟು ಸುತ್ತುವುದಿಲ್ಲ. ವೇಗ 55 ದಾಟಿದರೆ ಗಾಡಿಯೇ ಕಿರುಚುತ್ತದೆ. ಮೈಸೂರಿಗೆ ಒಮ್ಮೆ ಹೋಗಿದ್ದೆ. ಬಂದ ಮೇಲೂ ಅರ್ಧ ದಿನ ಕಿವಿ ಗುಂಯ್ ಅನ್ನುತ್ತಿತ್ತು. ನಡುಕಕ್ಕೆ ಬೋಲ್ಟ್‌ಗಳು ಸಡಿಲವಾಗುತ್ತವೆ. ತಿಂಗಳಿಗೊಮ್ಮೆ ಸ್ಪ್ಯಾನರ್ ಹಿಡಿದು ಸುತ್ತು ಬರಬೇಕು. ಇಂಜಿನ್ ಮೌಂಟಿಂಗ್ ರಬ್ಬರ್ ಇದು ಮೂರನೇ ಜೋಡಿ. ಈ ಸದ್ದಿನಿಂದ ಒಂದು ಲಾಭವೂ ಇದೆ. ನಮ್ಮ ತೋಟದಲ್ಲಿ ಆನೆ ಓಡಾಟ ಜಾಸ್ತಿ. ಪೆಟ್ರೋಲ್ ಗಾಡಿ ಸದ್ದಿಲ್ಲದೆ ತಿರುವಿನಲ್ಲಿ ಅದರೆದುರಿಗೇ ಹೋಗಿ ನಿಲ್ಲುತ್ತಿತ್ತು. ಇದು ಅರ್ಧ ಕಿಲೋಮೀಟರ್ ದೂರದಿಂದಲೇ ಬಂದೆ ಬಂದೆ ಅಂತ ಕೂಗಿಕೊಂಡು ಬರುತ್ತದೆ.

ಮೈಲೇಜ್ ಈಗ 11. ಖುಷಿಯೇ. ಆದರೆ ವರ್ಷಕ್ಕೆ 4,000 ಕಿಲೋಮೀಟರ್ ಓಡುತ್ತದೆ ಅಂತ ಲೆಕ್ಕ ಹಾಕಿದ್ದೆ. ತೋಟದೊಳಗೇ ಓಡುವ ಗಾಡಿ 2,000 ದಾಟಲಿಲ್ಲ. ಆಗ ಪೆಟ್ರೋಲಿಗೂ ಡೀಸೆಲಿಗೂ ಲೀಟರಿಗೆ 20 ರೂಪಾಯಿ ವ್ಯತ್ಯಾಸ. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ಮೇಲಿನ ಹಿಡಿತ ಬಿಟ್ಟಿತು. ಈಗ ವ್ಯತ್ಯಾಸ 12ರ ಆಸುಪಾಸು. ಗೇರ್‌ಬಾಕ್ಸಿನ ಖರ್ಚು ಬಿಟ್ಟರೆ ಅಸಲು ಈಗಷ್ಟೇ ಕೈಗೆ ಬಂದಿರಬಹುದು, 12 ವರ್ಷಕ್ಕೆ!

ಕಾಗದಪತ್ರದ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿಯನ್ನು ಸುಮ್ನೆ ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಇಂಜಿನ್ ನಂಬರ್, ಇಂಧನ ಎರಡೂ ಆರ್‌ಸಿಯಲ್ಲಿ ಸರಿ ಹೊಂದಬೇಕು, ಇನ್ಶೂರೆನ್ಸಿನವರಿಗೂ ತಿಳಿಸಿರಬೇಕು. ನಾನು ಮಡಿಕೇರಿ ಆರ್‌ಟಿಒಗೆ ನಾಲ್ಕು ಸಲ ಅಲೆದೆ. ಗುಜರಿ ಇಂಜಿನ್‌ನ ಬಿಲ್ ಇಟ್ಟುಕೊಂಡಿದ್ದರಿಂದ ಬಚಾವಾದೆ. ಈಗ ಮಾಡಿಸುವವರು ಇಂಜಿನ್‌ಗೆ ಅಡ್ವಾನ್ಸ್ ಕೊಡುವ ಮೊದಲೇ ಅಲ್ಲಿ ಹೋಗಿ ಕೇಳಿ. ಅವರು ಆಗಲ್ಲ ಅಂದರೆ ಅಲ್ಲಿಗೇ ಬಿಡಿ.

ಚಳಿಗಾಲದ ಬೆಳಿಗ್ಗೆ ಎರಡು ಮೂರು ಸಲ ಸೆಲ್ಫ್ ಹೊಡೆಯಬೇಕು. ಡೀಸೆಲ್ ಖಾಲಿಯಾಗಿ ಪೈಪಿನೊಳಗೆ ಗಾಳಿ ಸೇರಿಕೊಂಡರೆ ಕೈಪಂಪ್ ಒತ್ತಿ ತೆಗೆಯುವುದನ್ನು ಕಲಿತಿರಬೇಕು. ಡೀಸೆಲ್ ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಿಡುತ್ತೇನೆ.

ಇನ್ನೊಂದು. ನಮ್ಮ ಗಾಡಿ ಕೀ ತಿರುಗಿಸಿದರೆ ಆಫ್ ಆಗುವುದಿಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಒಂದು ಸ್ಟಾಪ್ ಕೇಬಲ್ ಇದೆ, ಅದನ್ನು ಎಳೆದು ಹಿಡಿಯಬೇಕು. ಕಳೆದ ವರ್ಷ ಚಿಕ್ಕಪ್ಪನ ಮಗ ಮದುವೆ ಮನೆಗೆ ಪಾತ್ರೆ ಸಾಗಿಸಲು ತೆಗೆದುಕೊಂಡು ಹೋಗಿದ್ದ. ಹೇಳಲು ಮರೆತಿದ್ದೆ. ರಾತ್ರಿ 9 ಗಂಟೆಗೆ ಫೋನ್. ಹಿಂದೆ ಟಕಟಕ ಸದ್ದು, ಅದರ ಮೇಲೆ ಇವನ ಕೂಗು: "ಅಣ್ಣಾ, ಕೀ ನನ್ನ ಜೇಬಲ್ಲಿದೆ, ಇದು ಇನ್ನೂ ಓಡ್ತಾನೇ ಇದೆ!"